ಸೀಟು ಸಿಕ್ಕ ಮೇಲೆ ಜೊತೆಗಾರರು ಯಾರು?

ಮಗನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದರೆ ಹೆತ್ತವರಾದ ನಾವು ದೊಡ್ಡ ಹೊಣೆ ಇಳಿಯಿತೆಂದು ಸಮಾಧಾನಪಡುತ್ತೇವೆ. ಅಲ್ಲಿ ಅವನು ಯಾರ ಜೊತೆ ಕೂತು ಓದುತ್ತಾನೆಂದು ಕೇಳುವುದು ಕಡಿಮೆ. ಆದರೆ ಅಮೆರಿಕದ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಅನುಭವ ನೋಡಿದರೆ, ಎಷ್ಟೋ ಮಂದಿಯ ಓದು ಉಳಿದದ್ದೂ ನಿಂತದ್ದೂ ಇದೇ ಪ್ರಶ್ನೆಯ ಮೇಲೆ.

ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯ ಕಪ್ಪು ಜನರಿಗೆ ಬಾಗಿಲು ಮುಚ್ಚಿರಲಿಲ್ಲ. ಆದರೂ 1904-05ರಲ್ಲಿ ಅಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ವಾಪಸ್ ಬರಲೇ ಇಲ್ಲ. ಉಳಿದವರು ಊರಿನ ಕಪ್ಪು ಕುಟುಂಬಗಳ ಮನೆಗಳಲ್ಲಿ ಸೇರಿ ಒಟ್ಟಿಗೆ ಓದತೊಡಗಿದರು. ಆ ಕೂಟದಿಂದಲೇ 1906ರ ಡಿಸೆಂಬರ್ 4ರಂದು ಏಳು ಯುವಕರು ಆಲ್ಫಾ ಫೈ ಆಲ್ಫಾ ಎಂಬ ಸೋದರ ಸಂಘ ಕಟ್ಟಿದರು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದರ ಸದಸ್ಯರಾದರು.

ಎಪ್ಪತ್ತು ವರ್ಷ ಕಳೆದರೂ ಒಂಟಿತನ ಹೋಗಿರಲಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಗಣಿತದಲ್ಲಿ ಹಿಂದೆ ಬೀಳುತ್ತಿದ್ದರು. ಓದುವ ಮನಸ್ಸಿಲ್ಲ, ಮನೆಯವರಿಗೆ ಕಾಳಜಿಯಿಲ್ಲ, ಬಡತನ ಎಂದು ಅಧ್ಯಾಪಕರ ಬಳಿ ಉತ್ತರ ಸಿದ್ಧವಿತ್ತು. (ಇಂಥ ಸಿದ್ಧ ಉತ್ತರಗಳು ಯಾವ ದೇಶದಲ್ಲಿಲ್ಲ!) ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು ಇದನ್ನು ನಂಬದೆ, 20 ಕಪ್ಪು ವಿದ್ಯಾರ್ಥಿಗಳನ್ನೂ ಚೀನೀ ಮೂಲದ 20 ಮಂದಿಯನ್ನೂ ಹತ್ತಿರದಿಂದ ಗಮನಿಸಿದರು. ಕಪ್ಪು ವಿದ್ಯಾರ್ಥಿಗಳ ಮನೆಯವರು ಅವರ ಮೇಲೆ ಬಹಳ ಆಸೆ ಇಟ್ಟಿದ್ದರು. ಅವರೂ ಶ್ರದ್ಧೆಯಿಂದ ಓದುತ್ತಿದ್ದರು. ಆದರೆ 20ರಲ್ಲಿ 18 ಮಂದಿ ಸಹಪಾಠಿಗಳೊಂದಿಗೆ ಕೂತು ಓದಿದ್ದೇ ಇಲ್ಲ. ಚೀನೀ ಮೂಲದವರು ತಮ್ಮ ಪಾಲಿನ ಲೆಕ್ಕ ಮುಗಿಸಿ ಸಂಜೆ ಸೇರಿ, ಉತ್ತರ ತಾಳೆ ನೋಡಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬಾರದ ಲೆಕ್ಕವಾದರೆ, ಲೆಕ್ಕವೇ ಕಷ್ಟದ್ದೆಂದು ಗೊತ್ತಾಗುತ್ತಿತ್ತು. ಒಂಟಿಯಾಗಿ ಕೂತವನಿಗೆ ಅದು ತಿಳಿಯುವುದು ಹೇಗೆ? ತನಗೇ ಬುದ್ಧಿ ಸಾಲದು ಎಂದುಕೊಳ್ಳುತ್ತಾನೆ.

ಟ್ರೈಸ್‌ಮನ್ ದಡ್ಡರಿಗೆಂದು ಟ್ಯೂಷನ್ ತೆರೆಯಲಿಲ್ಲ. ಹಾಗೆ ಮಾಡಿದ್ದರೆ ಸ್ವಾಭಿಮಾನಿ ಹುಡುಗರು ಅತ್ತ ಸುಳಿಯುತ್ತಲೂ ಇರಲಿಲ್ಲವೆಂದು ನಮಗನಿಸುತ್ತದೆ. ಬುದ್ಧಿವಂತರೆಂದೇ ಕರೆದು, ಕಷ್ಟದ ಲೆಕ್ಕ ಕೊಟ್ಟು, ಗುಂಪಾಗಿ ಬಿಡಿಸಲು ಕೂರಿಸಿದರು. ಫಲಿತಾಂಶ ಚೆನ್ನಾಗಿ ಸುಧಾರಿಸಿತು.

ಬಾಲ್ಟಿಮೋರ್ ಬಳಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ 19 ಕಪ್ಪು ಯುವಕರೊಂದಿಗೆ ಶುರುವಾದ ಮೇಯರ್‌ಹಾಫ್ ಯೋಜನೆಯೂ ಬರೀ ವಿದ್ಯಾರ್ಥಿವೇತನವಲ್ಲ. ತರಗತಿ ಆರಂಭಕ್ಕೆ ಮೊದಲು, ಬೇಸಿಗೆಯಲ್ಲೇ ಹೊಸಬರನ್ನು ಒಟ್ಟಿಗೆ ಇರಿಸಿ ಗುಂಪಿನಲ್ಲಿ ಓದುವುದನ್ನು ರೂಢಿ ಮಾಡಿಸುತ್ತಾರೆ. ನಂತರ ಅದು ಹೆಣ್ಣುಮಕ್ಕಳಿಗೂ ಇತರ ಜನಾಂಗದವರಿಗೂ ತೆರೆಯಿತು. 2017ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆದ ಜೆರೋಮ್ ಆಡಮ್ಸ್ ಈ ಯೋಜನೆಯಲ್ಲಿ ಓದಿದವರು.