ಉಪ್ಪಿಲ್ಲದ ಶಂಕರಪೋಳಿ

ಮೈಸೂರಿನ ಕುವೆಂಪುನಗರದ ಆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಸ್ಟೀಲ್ ಡಬ್ಬಿಗಳಿದ್ದವು. ಎರಡರಲ್ಲೂ ಅಂಚು ಕೊರೆದ ಶಂಕರಪೋಳಿ. ಒಂದು ಮೊಮ್ಮಕ್ಕಳದು, ಇನ್ನೊಂದು ಕರಿಯನದು. ಕರಿಯ ಬೀದಿಯಲ್ಲಿ ಹುಟ್ಟಿ ಈ ಮನೆ ಸೇರಿಕೊಂಡ ನಾಯಿ. ಮನೆಯೊಡತಿ ನಿವೃತ್ತ ವಿಜ್ಞಾನ ಶಿಕ್ಷಕಿ, ಬೀದಿಗೆಲ್ಲ ‘ಟೀಚರ್’. “ಕಪ್ಪಗಿರೋದು ಅವನದು. ಬೇಕಾದ್ರೆ ನೀವೂ ತಿನ್ನಿ, ಏನೂ ಆಗಲ್ಲ. ನಿಮ್ಮ ಡಬ್ಬಿಯದನ್ನ ಮಾತ್ರ ಅವನಿಗೆ ಹಾಕ್ಬೇಡಿ” ಎಂದರು. ತಿಂದೆ. ನಿನ್ನೆಯ ಮುದ್ದೆಯನ್ನು ಉಪ್ಪು ಹಾಕದೆ ಒಣಗಿಸಿಟ್ಟ ಹಾಗಿತ್ತು. ಕರಿಯನಿಗೆ ಮಾತ್ರ ಡಬ್ಬಿಯ ಮುಚ್ಚಳ ಸದ್ದಾದರೆ ಸಾಕು, ಬಾಲದ ಜೊತೆ ಸೊಂಟವೂ ಕುಣಿಯುತ್ತದೆ.

ಅಳತೆ ಸರಳ. ಎರಡು ಲೋಟ ರಾಗಿಹಿಟ್ಟು, ಬೇಯಿಸಿ ಮಸೆದ ಸಿಹಿಗುಂಬಳ ಮುಕ್ಕಾಲು ಲೋಟ, ಒಂದು ಮೊಟ್ಟೆ, ಬೇಯಿಸಿ ರುಬ್ಬಿದ ಕೋಳಿ ಲಿವರ್ ಎರಡು ಚಮಚ. ರಾಗಿಯಲ್ಲಿ ಗ್ಲೂಟನ್ ಇಲ್ಲದ್ದರಿಂದ ಲಟ್ಟಿಸುವಾಗ ಬಿರಿಯುತ್ತದೆ, ಹಿಡಿದಿಡುವುದು ಮೊಟ್ಟೆ. ಲಿವರಿನ ವಾಸನೆಗೆ ಸೋಲದ ನಾಯಿಯಿಲ್ಲ, ಆದರೆ ಅದರಲ್ಲಿ ವಿಟಮಿನ್ ಎ ವಿಪರೀತ. ದಿನವೂ ಹೆಚ್ಚು ತಿಂದರೆ ಮೂಳೆಗೇ ತೊಂದರೆ. ಆದ್ದರಿಂದ ಎರಡೇ ಚಮಚ. 160 ಡಿಗ್ರಿ ಓವನ್‌ನಲ್ಲಿ ಬೇಯಿಸಿ, ಆರಿಸಿದ ಮೇಲೂ ಒಳಗೇ ಬಿಟ್ಟು ತೇವ ಹೋಗಿಸಬೇಕು. ಉಪ್ಪು, ಸಕ್ಕರೆ, ಎಣ್ಣೆ ಯಾವುದೂ ಇಲ್ಲ. ಕೆಡದಂತೆ ಕಾಯಲು ಏನೂ ಇಲ್ಲದ್ದರಿಂದ ಡಬ್ಬಿಯ ಜಾಗ ಫ್ರಿಜ್ಜು.

ಈ ತಿಂಡಿಯ ಗುಣವೆಲ್ಲ ಏನು ಹಾಕಿಲ್ಲ ಎಂಬುದರಲ್ಲೇ ಇದೆ ಎಂದು ನನಗನ್ನಿಸಿದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿದಾಗ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ, ಕ್ಸೈಲಿಟಾಲ್ ಎಂದು ಬರೆದಿತ್ತು. ಇವು ನಾಯಿ ಸಾಕಿದವರಿಗೆ ಗೊತ್ತಿರುವಂಥವೇ. ಕೊನೆಯಲ್ಲಿ, ಕೆಂಪು ಪೆನ್ನಿನಲ್ಲಿ: ಹುಣಸೆಹಣ್ಣು.

ಹುಣಸೆ! ನಾನು ಅಲ್ಲೇ ಸಿಕ್ಕಿಹಾಕಿಕೊಂಡೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಕೈಕೊಡುತ್ತದೆ ಎಂಬುದು ಪಶುವೈದ್ಯರಿಗೆ ಎರಡು ದಶಕಕ್ಕೂ ಹಿಂದೆಯೇ ತಿಳಿದಿತ್ತು. ಯಾಕೆ ಎಂಬುದೇ ಒಗಟು. ಒಂದು ನಾಯಿ ಗೊಂಚಲು ತಿಂದು ಆರಾಮಾಗಿರುತ್ತದೆ, ಇನ್ನೊಂದು ಬೆರಳೆಣಿಕೆಯಷ್ಟಕ್ಕೇ ಮಲಗುತ್ತದೆ. ಸುಳಿವು ಸಿಕ್ಕಿದ್ದು ಅಮೆರಿಕದಲ್ಲಿ, ಮಕ್ಕಳ ಆಟಕ್ಕೆಂದು ಮನೆಯಲ್ಲೇ ಕಲಸಿದ ಬಣ್ಣದ ಹಿಟ್ಟಿನಿಂದ. ಅದನ್ನು ತಿಂದ ನಾಯಿಗೆ ದ್ರಾಕ್ಷಿ ತಿಂದಂಥದೇ ಲಕ್ಷಣ. ಹಿಟ್ಟಿನಲ್ಲಿದ್ದದ್ದು ಕ್ರೀಮ್ ಆಫ್ ಟಾರ್ಟರ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲೂ ಅದೇ ಆಮ್ಲ; ಹಣ್ಣು ಯಾವ ತಳಿಯದು, ಎಷ್ಟು ಮಾಗಿದೆ ಎಂಬುದರ ಮೇಲೆ ಅದರ ಪ್ರಮಾಣ ಬದಲಾಗುತ್ತದೆ. ಅಲ್ಲಿನ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ತಜ್ಞರು 2021ರಲ್ಲಿ ಈ ವಾದ ಮುಂದಿಟ್ಟರು. ಹುಣಸೆ ತಿಂದು ಕಾಯಿಲೆಬಿದ್ದ ನಾಯಿಗಳೂ ಅವರ ದಾಖಲೆಗಳಲ್ಲಿವೆ. ಟಾರ್ಟಾರಿಕ್ ಆಮ್ಲದಲ್ಲಿ ಹುಣಸೆಯನ್ನು ಮೀರಿಸುವ ಹಣ್ಣು ಕಡಿಮೆ.

“ನಮ್ಮ ನಾಯಿಗಳು ತಲೆತಲಾಂತರದಿಂದ ಸಾರನ್ನ ತಿಂದೇ ಬದುಕಿದಾವಲ್ಲ ಟೀಚರ್?” ಎಂದು ಕೇಳಿದೆ. “ಸತ್ತವನ್ನ ಯಾರು ಲೆಕ್ಕ ಇಟ್ಟಿದ್ರು?” ಎಂದರು. ತೆಳ್ಳನೆಯ ಸಾರಿನ ಒಂದು ತುತ್ತಿಗೆ ಯಾರೂ ಹೆದರಬೇಕಿಲ್ಲ ಎಂದೇ ನನ್ನೆಣಿಕೆ. ಆದರೆ ಈರುಳ್ಳಿ ಹುಳಿ ಕಲಸಿದ ಅನ್ನ ದಿನವೂ ಹಾಕುವುದು ಬೇರೆ ಮಾತು: ಈರುಳ್ಳಿ ಬೆಂದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಇನ್ನು ಅಂಗಡಿಯ ಮಾತು: ನಾಯಿ ಬಿಸ್ಕತ್ತಿನ ಉದ್ಯಮವೇನೂ ಹೊಸದಲ್ಲ. ಸಿಡಿಲು ತಡೆಯುವ ಸಲಾಕೆ ಮಾರಲು ಲಂಡನ್ನಿಗೆ ಹೋದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವ, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತಿಗೆ ನಾಯಿಗಳು ಮುಗಿಬೀಳುವುದನ್ನು ಕಂಡು 1860ರ ದಶಕದಲ್ಲಿ ಶುರುಮಾಡಿದ್ದು ಎಂಬ ಕಥೆ ಪ್ರಸಿದ್ಧ. ಈಗಿನ ಫ್ಯಾಷನ್ನು ‘ಧಾನ್ಯರಹಿತ’. ನನಗೆ ಇದರಲ್ಲಿ ನಂಬಿಕೆಯಿಲ್ಲ. ನಾಯಿ ತೋಳವಲ್ಲ, ಪಿಷ್ಟ ಅರಗಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲೇ ತೋರಿಸಿದ್ದಾರೆ. ಮನುಷ್ಯನ ಒಲೆಯ ಪಕ್ಕ ಕೂತು ಗಳಿಸಿದ್ದು ಅದು. ಬೇಯಿಸಿದ ರಾಗಿ ಅದಕ್ಕೆ ದಕ್ಕುತ್ತದೆ.

ದಕ್ಕುತ್ತದೆಂದು ಸುರಿಯುವಂತಿಲ್ಲ. ದಿನದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು ಶೇ 10 ಮೀರಬಾರದು ಎಂಬುದು ಪಶುವೈದ್ಯರ ರೂಢಿಯ ಮಾತು. 10 ಕಿಲೊ ತೂಗುವ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕೆನ್ನಿ. ತಿಂಡಿಯ ಪಾಲು 60; ರಾಗಿಹಿಟ್ಟಿನ ಲೆಕ್ಕದಲ್ಲಿ 20 ಗ್ರಾಮಿಗೂ ಕಡಿಮೆ. ಟೀಚರ್ ಹಾಗಾಗಿ ಶಂಕರಪೋಳಿಯನ್ನು ಉಗುರಿನಷ್ಟು ಸಣ್ಣಗೆ ಕತ್ತರಿಸುತ್ತಾರೆ. ನಾಯಿಗೆ ಎಷ್ಟು ಸಲ ಸಿಕ್ಕಿತೆಂಬುದು ಮುಖ್ಯವೇ ಹೊರತು ಎಷ್ಟು ದೊಡ್ಡದೆಂಬುದಲ್ಲ ಎಂಬುದು ಅವರ ಅನುಭವ. ಎದುರುಮನೆಯವರು ತಮ್ಮ ಪಗ್‌ನ ಹುಟ್ಟುಹಬ್ಬಕ್ಕೆ ಕ್ರೀಮ್ ಹಾಕಿದ ಕೇಕ್ ಮಾಡಿಕೊಡಿ ಎಂದು ಕೇಳಿಕೊಂಡು ಬಂದಿದ್ದರಂತೆ. ಟೀಚರ್ ಕೇಕ್ ಮಾಡಲಿಲ್ಲ. ತಕ್ಕಡಿ ತಂದು ಪಗ್ಗನ್ನು ತೂಗಿದರು.