ಶಾಲಾ ಬೋಧನೆಯಲ್ಲಿ ಮಾಧ್ಯಮ ಮತ್ತು ತಂತ್ರಜ್ಞಾನ: ಕಾಳಿ ಕಣಿವೆಯ ಬಹುಭಾಷಿಕ ತರಗತಿಯ ಹಿನ್ನೆಲೆಯಲ್ಲಿ

ಶಿಕ್ಷಣದಲ್ಲಿ ತಂತ್ರಜ್ಞಾನ ಎಂದೊಡನೆ ಗಣಕಯಂತ್ರ, ದೂರದರ್ಶನ, ಮೊಬೈಲ್ ದೂರವಾಣಿಗಳು ನೆನಪಾಗುವುದು ಸಹಜ. ಆದರೆ ಕರಿಹಲಗೆ, ಸೀಮೆಸುಣ್ಣ, ಮುದ್ರಿತ ಪಠ್ಯಪುಸ್ತಕಗಳೂ ತಮ್ಮ ತಮ್ಮ ಕಾಲದ ಹೊಸ ತಂತ್ರಜ್ಞಾನಗಳೇ ಆಗಿದ್ದವು. ದಾಂಡೇಲಿಯ ಬಂಗೂರನಗರದ ಪರಿಸರದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆ ಇದು. ಬರೆಯುವ ಮತ್ತು ಮುದ್ರಿಸುವ ಕಾಗದ ಇಲ್ಲಿ ತಯಾರಾಗುತ್ತದೆ. ಕಾಗದ ಊರಿನಲ್ಲೇ ತಯಾರಾದರೂ ಅದರ ಮೇಲೆ ಅಚ್ಚಾಗುವ ಪಾಠ ಸುತ್ತಲಿನ ಕಾಡಿನ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಪುಸ್ತಕಕ್ಕೆ ಅನ್ವಯಿಸುವ ಈ ಪ್ರಶ್ನೆಯು ಆಕಾಶವಾಣಿಗೂ ಉಪಗ್ರಹಕ್ಕೂ ಮೊಬೈಲಿಗೂ ಸಮಾನವಾಗಿ ಅನ್ವಯಿಸುತ್ತದೆ.

ಕನ್ನಡದಲ್ಲಿ ‘ಮಾಧ್ಯಮ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಆಕಾಶವಾಣಿ, ದೂರದರ್ಶನ, ಪತ್ರಿಕೆಗಳು ಸಮೂಹ ಮಾಧ್ಯಮಗಳು. ಕನ್ನಡ, ಮರಾಠಿ, ಉರ್ದು, ಇಂಗ್ಲಿಷುಗಳು ಶಿಕ್ಷಣ ಮಾಧ್ಯಮಗಳು. ಆಡಳಿತದಲ್ಲಿ ಇವೆರಡೂ ಬೇರೆ ಬೇರೆ ಕಡತಗಳ ವಿಷಯಗಳಾಗಿರುತ್ತವೆ. ತರಗತಿಯಲ್ಲಿ ಕುಳಿತ ಮಗುವಿಗೆ ಮಾತ್ರ ಇವು ಒಟ್ಟಾಗಿಯೇ ಎದುರಾಗುತ್ತವೆ. ಈ ಎರಡು ಅರ್ಥಗಳನ್ನು ಜೊತೆಯಾಗಿಟ್ಟು ನೋಡಿದಾಗ ಮಾತ್ರ ಶಾಲಾ ತಂತ್ರಜ್ಞಾನದ ಸಾಧಕ ಬಾಧಕಗಳು ಸ್ಪಷ್ಟವಾಗುತ್ತವೆ.

ಪ್ರದೇಶದ ಸ್ವರೂಪ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿವೆ. ಇವುಗಳಲ್ಲಿ ಜೋಯಿಡಾ ರಾಜ್ಯದಲ್ಲೇ ಅತಿ ಕಡಿಮೆ ಜನಸಾಂದ್ರತೆಯ ತಾಲ್ಲೂಕುಗಳಲ್ಲೊಂದು. ಅದರ ಬಹುಭಾಗ ಅರಣ್ಯ. ನಾಲ್ಕಾರು ಮನೆಗಳ ಮಜರೆಗಳು ಒಂದಕ್ಕೊಂದು ದೂರದಲ್ಲಿ ಚದುರಿಕೊಂಡಿವೆ. ಇಂತಹ ಕಡೆಗಳಲ್ಲಿ ಒಬ್ಬರು ಅಥವಾ ಇಬ್ಬರು ಶಿಕ್ಷಕರು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸಬೇಕಾಗುತ್ತದೆ. ಕಾಳಿ ನದಿಯ ನೀರಿನಿಂದ ವಿದ್ಯುತ್ ಉತ್ಪಾದಿಸುವ ನಾಗಝರಿ ವಿದ್ಯುದಾಗಾರ ಇದೇ ಪ್ರದೇಶದಲ್ಲಿದೆ. ಆದರೂ ದಟ್ಟ ಕಾಡಿನ ನಡುವೆ ತಂತಿ ಎಳೆಯುವುದು ಸುಲಭವಲ್ಲ. ಮಳೆಗಾಲದಲ್ಲಿ ಮರಗಳು ಉರುಳಿದರೆ ಎಳೆದ ತಂತಿಯೂ ನಿರುಪಯುಕ್ತವಾಗುತ್ತದೆ.

ಭಾಷಿಕವಾಗಿಯೂ ಈ ಪ್ರದೇಶ ಸಂಕೀರ್ಣವಾದುದು. ಕುಣಬಿಗಳ ಮನೆಮಾತು ಕೊಂಕಣಿಯ ಒಂದು ಪ್ರಭೇದ. ದನಗರ ಗೌಳಿಗಳದು ಮರಾಠಿಯ ಒಂದು ಪ್ರಭೇದ. 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ಸಿದ್ದಿ ಸಮುದಾಯದಲ್ಲಿ ಕೊಂಕಣಿಯ ಮತ್ತೊಂದು ಪ್ರಭೇದ ಬಳಕೆಯಲ್ಲಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿಯಿದೆ. ಇವರೆಲ್ಲರ ಜೊತೆಗೆ ಉರ್ದು ಮತ್ತು ಮರಾಠಿ ಭಾಷಿಕರೂ ಧಾರವಾಡ ಸೀಮೆಯ ಕನ್ನಡವನ್ನಾಡುವವರೂ ಇದ್ದಾರೆ.

ಪ್ರಸಾರ ಮಾಧ್ಯಮಗಳ ಪ್ರಯೋಗ

ಕರ್ನಾಟಕದ ಶಾಲೆಗಳಿಗೆ ಉಪಗ್ರಹದ ಪಾಠಗಳು ಮೊದಲು ತಲುಪಿದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ಬೆಳಗಿನ ಅವಧಿ ಶಾಲಾ ಮಕ್ಕಳಿಗೆ ಮೀಸಲಾಗಿತ್ತು. ಒಂದೇ ದೃಶ್ಯಕ್ಕೆ ಎರಡು ಭಾಷೆಗಳ ಧ್ವನಿಯನ್ನು ಜೋಡಿಸಿ ಕಳುಹಿಸುವ ಅನುಕೂಲ ಈ ವ್ಯವಸ್ಥೆಯಲ್ಲಿತ್ತೆಂಬುದು ಗಮನಾರ್ಹ. ಚಿತ್ರವೊಂದೇ ಆದರೂ ಕೇಳುಗರ ಭಾಷೆ ಬೇರೆಯಾಗಿರಬಹುದೆಂಬ ತಿಳಿವಳಿಕೆ ಯಂತ್ರದ ರಚನೆಯಲ್ಲೇ ಅಡಕವಾಗಿತ್ತು.

2000ದ ದಶಕದಲ್ಲಿ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ಯಂತಹ ಕಾರ್ಯಕ್ರಮಗಳು ಆಕಾಶವಾಣಿಯ ಮೂಲಕ ರಾಜ್ಯದ ಪ್ರಾಥಮಿಕ ಶಾಲೆಗಳನ್ನು ತಲುಪಿದವು. ಸಂವಾದಾತ್ಮಕ ರೇಡಿಯೋ ಪಾಠದ ಕ್ರಮ ಸರಳವಾದುದು. ಧ್ವನಿಯು ಪ್ರಶ್ನೆಯೊಂದನ್ನು ಕೇಳಿ ಕೆಲವು ಕ್ಷಣ ಮೌನವಾಗುತ್ತದೆ. ಆ ಬಿಡುವಿನಲ್ಲಿ ಮಕ್ಕಳು ಉತ್ತರಿಸಬೇಕು, ಹಾಡಬೇಕು ಅಥವಾ ಎದ್ದು ಅಭಿನಯಿಸಬೇಕು. ಶಿಕ್ಷಕರು ಅವರನ್ನು ಪ್ರೇರೇಪಿಸಬೇಕು. ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಪೆಟ್ಟಿಗೆ ಇದಕ್ಕೆ ಸಾಕು.

2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ‘ಎಜುಸ್ಯಾಟ್’ ಶಿಕ್ಷಣಕ್ಕೆಂದೇ ರೂಪಿಸಲಾದ ಭಾರತದ ಮೊದಲ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಇದರ ಪ್ರಾಯೋಗಿಕ ಬಳಕೆ ನಡೆಯಿತು. 2010ರಲ್ಲಿ ಉಪಗ್ರಹದ ಸೇವೆ ಕೊನೆಗೊಂಡಿತು. ಸೈಟ್ ಪ್ರಯೋಗಕ್ಕೆ ದೊರೆತದ್ದು ಒಂದೇ ವರ್ಷ, ಎಜುಸ್ಯಾಟ್‌ಗೆ ಸುಮಾರು ಆರು ವರ್ಷ. ಒಬ್ಬ ಶಿಕ್ಷಕರ ಸೇವಾವಧಿ ಇವೆರಡಕ್ಕಿಂತಲೂ ದೀರ್ಘವಾದುದು. ಯಂತ್ರಕ್ಕೆ ಹೂಡುವ ಹಣದ ಜೊತೆಯಲ್ಲೇ ಶಿಕ್ಷಕರ ಸಿದ್ಧತೆಗೂ ಹಣ ಹೂಡಬೇಕೆಂಬ ವಾದಕ್ಕೆ ಈ ಲೆಕ್ಕವೇ ಬಲವಾದ ಆಧಾರ.

ಭಾಷೆಯ ತೊಡಕು

ಈ ಎಲ್ಲ ಪ್ರಯೋಗಗಳ ಕನ್ನಡ ಪಾಠಗಳು ಕೇಳುವ ಮಗುವಿಗೆ ಕನ್ನಡ ಬರುತ್ತದೆ ಎಂಬ ಊಹೆಯ ಮೇಲೆ ನಿಂತಿವೆ. ಕಾಳಿ ಕಣಿವೆಯಲ್ಲಿ ಈ ಊಹೆ ಅನೇಕ ಮಕ್ಕಳ ವಿಷಯದಲ್ಲಿ ನಿಜವಾಗುವುದಿಲ್ಲ. ಒಂದು ಸಣ್ಣ ನಿದರ್ಶನವನ್ನು ಗಮನಿಸಬಹುದು. ‘ಗಾಡಿ’ ಎಂಬ ಪದ ಕನ್ನಡದಲ್ಲೂ ಮರಾಠಿಯಲ್ಲೂ ಕೊಂಕಣಿಯಲ್ಲೂ ಇದೆ. ಕನ್ನಡದಲ್ಲಿ ಅಚೇತನ ವಸ್ತುಗಳೆಲ್ಲ ನಪುಂಸಕಲಿಂಗಕ್ಕೆ ಸೇರುವುದರಿಂದ ‘ಗಾಡಿ ಬಂತು’ ಎನ್ನುತ್ತೇವೆ. ಮರಾಠಿಯಲ್ಲಿ ಗಾಡಿ ಸ್ತ್ರೀಲಿಂಗವಾದ್ದರಿಂದ ಅದು ‘ಗಾಡಿ ಆಲಿ’. ಪದ ಪರಿಚಿತವಾಗಿದ್ದರೂ ವಾಕ್ಯದ ನಿಯಮ ಬೇರೆ. ಮನೆಮಾತಿನ ನಿಯಮವನ್ನು ಅನುಸರಿಸಿ ಮಗುವೊಂದು ‘ಗಾಡಿ ಬಂದಳು’ ಎಂದರೆ ಅದು ದಡ್ಡತನದ ಲಕ್ಷಣವಲ್ಲ. ಒಂದು ವ್ಯಾಕರಣವನ್ನು ಪೂರ್ಣವಾಗಿ ಬಲ್ಲ ಮಗು ಎರಡನೆಯದರ ಕಡೆಗೆ ಇಡುತ್ತಿರುವ ಹೆಜ್ಜೆ ಅದು. ಇದನ್ನು ಎದುರಿಗಿರುವ ಶಿಕ್ಷಕರು ಗುರುತಿಸಬಲ್ಲರು. ದೂರದ ಧ್ವನಿಮುದ್ರಣ ಕೊಠಡಿಯಲ್ಲಿ ಸಿದ್ಧವಾದ ಪಾಠಕ್ಕೆ ಮಗುವಿನ ಉತ್ತರ ಕೇಳಿಸುವುದೇ ಇಲ್ಲ.

ಕನ್ನಡವೇ ಮನೆಮಾತಾದ ಮಗುವಿಗೂ ಸ್ವಲ್ಪ ಅಂತರ ಇದ್ದೇ ಇರುತ್ತದೆ. ಹಳಿಯಾಳದ ಬಯಲಿನಲ್ಲಿ ‘ಬಂದೈತಿ’ ಎನ್ನುವ ಮಗು ಪ್ರಸಾರದಲ್ಲಿ ಕೇಳುವುದು ‘ಬಂದಿದೆ’ ಎಂಬ ರೂಪವನ್ನು. ಈ ಅಂತರವನ್ನು ಅದು ಬೇಗ ದಾಟಬಹುದು. ಮನೆಯಲ್ಲಿ ಓದುಬರಹದ ಆಸರೆಯಿಲ್ಲದ ಗೌಳಿ ಅಥವಾ ಸಿದ್ದಿ ಮಗುವಾದರೋ ಭಾಷೆ, ಲಿಪಿ ಮತ್ತು ವಿಷಯ ಮೂರನ್ನೂ ಏಕಕಾಲದಲ್ಲಿ ಎದುರಿಸಬೇಕಾಗುತ್ತದೆ. ಪಾಠದ ವೇಗವನ್ನು ಯಂತ್ರವೇ ನಿರ್ಧರಿಸಿದಾಗ ಹಿಂದುಳಿಯುವವರು ಈ ಮಕ್ಕಳೇ. ಹಿಂದುಳಿದ ಮಗು ಕ್ರಮೇಣ ಶಾಲೆಯನ್ನೇ ಬಿಡುವ ಅಪಾಯವೂ ಇರುತ್ತದೆ.

2020ರ ಅನುಭವ

ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ತೀವ್ರ ಸ್ವರೂಪದಲ್ಲಿ ಎದುರಾಯಿತು. 2020ರ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭಗೊಂಡವು. ಮರುತಿಂಗಳು ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಸಣ್ಣ ಗುಂಪುಗಳಲ್ಲಿ ಕಲಿಸುವ ‘ವಿದ್ಯಾಗಮ’ ಯೋಜನೆ ಜಾರಿಗೆ ಬಂತು. ಅಕ್ಟೋಬರಿನಲ್ಲಿ ಸೋಂಕಿನ ಆತಂಕದಿಂದ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಮೊಬೈಲ್ ಸಂಪರ್ಕ ಸಿಗದ ಮಲೆನಾಡಿನ ಊರುಗಳಲ್ಲಿ ಮಕ್ಕಳು ಸಂಕೇತಕ್ಕಾಗಿ ಗುಡ್ಡ ಹತ್ತಿದ ಸುದ್ದಿಗಳು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದವು. ಮನೆಯಲ್ಲಿ ಒಂದೇ ಮೊಬೈಲಿದ್ದು ಅದೂ ಕೂಲಿಗೆ ಹೋಗುವ ತಂದೆಯ ಕೈಯಲ್ಲಿದ್ದರೆ, ಪಾಠ ಬಿತ್ತರವಾದರೂ ಮಗುವಿಗೆ ತಲುಪುವುದಿಲ್ಲ. ಸಂಪರ್ಕವಿಲ್ಲದ ಮಗುವಿಗೆ ಉಳಿದ ದಾರಿ ಶಿಕ್ಷಕರ ಭೇಟಿಯೊಂದೇ ಆಗಿತ್ತು.

ಸ್ಥಳೀಯ ಸಾಧ್ಯತೆಗಳು

ಹಾಗೆಂದು ಈ ಪ್ರದೇಶಕ್ಕೆ ತಂತ್ರಜ್ಞಾನ ಬೇಡವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಇಲ್ಲಿ ದಾರಿ ತೋರಬಲ್ಲದು. ಅದರ ಮುಖ್ಯ ಸಾಧನ ಕಲಿಕಾ ಕಾರ್ಡುಗಳು. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲನ್ನೇರುತ್ತದೆ. ಹಲವು ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯಬಲ್ಲರು. ಇಂತಹ ಕಾರ್ಡಿನ ಒಂದು ಬದಿಗೆ ಚಿತ್ರವನ್ನೂ ಕನ್ನಡ ಪದವನ್ನೂ, ಮತ್ತೊಂದು ಬದಿಗೆ ಕನ್ನಡ ಲಿಪಿಯಲ್ಲೇ ಮನೆಮಾತಿನ ಪದವನ್ನೂ ಮುದ್ರಿಸುವುದು ಕಷ್ಟವಲ್ಲ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ಪರಂಪರೆ ಕರ್ನಾಟಕದಲ್ಲಿ ಮೊದಲಿನಿಂದಲೂ ಇದೆ. 2007ರಿಂದ ರಾಜ್ಯದ ಶಾಲೆಗಳಲ್ಲಿ ಅದು ತೃತೀಯ ಭಾಷೆಯ ಬೋಧನೆಗೂ ಬಳಕೆಯಾಗಿದೆ.

ಧ್ವನಿಮುದ್ರಣಕ್ಕೆ ಇಂದು ದೊಡ್ಡ ಕೊಠಡಿ ಬೇಕಿಲ್ಲ. ಶಿಕ್ಷಕರ ಮೊಬೈಲಿನಲ್ಲೇ ಊರಿನ ಹಿರಿಯರ ಕಥೆ, ಒಗಟು, ಹಾಡುಗಳನ್ನು ಮುದ್ರಿಸಿಕೊಳ್ಳಬಹುದು. ಅದೇ ಕಥೆಯನ್ನು ಮೊದಲು ಮನೆಮಾತಿನಲ್ಲಿ, ಅನಂತರ ಕನ್ನಡದಲ್ಲಿ ಕೇಳಿಸಿದರೆ ಮಗು ಅರ್ಥದಿಂದ ಭಾಷೆಯ ಕಡೆಗೆ ಸಾಗುತ್ತದೆ. ಒಮ್ಮೆ ಮುದ್ರಿಸಿಟ್ಟ ಧ್ವನಿಗೆ ಅಂತರ್ಜಾಲದ ಅಗತ್ಯವಿಲ್ಲ. ಅದನ್ನು ಬೇಕಾದಲ್ಲಿ ನಿಲ್ಲಿಸಬಹುದು, ಮತ್ತೆ ಕೇಳಿಸಬಹುದು. ಹೀಗೆ ವೇಗದ ನಿಯಂತ್ರಣ ತರಗತಿಯ ಕೈಗೆ ಬರುತ್ತದೆ. ಶಿಕ್ಷಕರೇ ಸೇರಿ ಕನ್ನಡದಲ್ಲಿ ಮುಕ್ತ ಸಂಪನ್ಮೂಲಗಳನ್ನು ರೂಪಿಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ದ ಮಾದರಿಯೂ ರಾಜ್ಯದಲ್ಲಿದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದು ಪರಿಗಣಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಬೋಧನೆಯನ್ನು ಶಿಫಾರಸು ಮಾಡಿತು. ನಾಲ್ಕಾರು ಮನೆಮಾತುಗಳ ಮಕ್ಕಳು ಒಂದೇ ಕೋಣೆಯಲ್ಲಿರುವಾಗ ಪ್ರತಿಯೊಂದು ಭಾಷೆಗೂ ಶಿಕ್ಷಕರನ್ನು ನೇಮಿಸುವುದು ಸುಲಭಸಾಧ್ಯವಲ್ಲ. ಧ್ವನಿಮುದ್ರಣ, ಚಿತ್ರ, ಕಾರ್ಡುಗಳಂತಹ ಮಾಧ್ಯಮಗಳು ನಿಜವಾಗಿ ನೆರವಿಗೆ ಬರಬೇಕಾದುದು ಈ ಕೊರತೆಯ ಜಾಗದಲ್ಲಿ.

ಒಟ್ಟಿನಲ್ಲಿ, ಶಾಲೆಗೆ ಯಾವ ಯಂತ್ರ ತರಬೇಕೆಂಬ ಪ್ರಶ್ನೆಗೆ ಮೊದಲು ಅಲ್ಲಿನ ಮಕ್ಕಳು ಮನೆಯಲ್ಲಿ ಯಾವ ಮಾತನ್ನಾಡುತ್ತಾರೆಂಬುದನ್ನು ದಾಖಲಿಸಬೇಕು. ಪ್ರತಿ ಶಾಲೆಯ ಪ್ರವೇಶ ಪುಸ್ತಕದಲ್ಲಿ ಮಾತೃಭಾಷೆಯ ಅಂಕಣವೊಂದು ಇರುತ್ತದೆ. ಅದನ್ನು ಸರಿಯಾಗಿ ತುಂಬಿ ಪಾಠಯೋಜನೆಗೆ ಆಧಾರವಾಗಿಸಿದರೆ, ಕಾಳಿ ಕಣಿವೆಯ ತರಗತಿಗಳಲ್ಲಿ ‘ಮಾಧ್ಯಮ’ದ ಎರಡು ಅರ್ಥಗಳೂ ಒಂದೆಡೆ ಸೇರುವುದಕ್ಕೆ ಅವಕಾಶವಾಗುತ್ತದೆ.