ದರ ಒಂದು, ಪ್ರತಿ ಮೂರು: ಹಂಚಿಕೆಯ ಕ್ಯಾಶ್ ಮತ್ತು ಕನ್ನಡದ ಕೀಲಿ



ಕನ್ನಡ ಎಂ.ಎ. ವಿಚಾರಗೋಷ್ಠಿಯಲ್ಲಿ ಜಾವಾ ಯಾಕೆ ಅಂತ ನೀವು ಕೇಳಬಹುದು. ನಾವು ಓದುವ ಪಾಠಾಂತರದ ಸಮಸ್ಯೆ ಸರ್ವರುಗಳಿಗೂ ಇದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಅಕ್ಕಲಕೋಟ ರಸ್ತೆ ಎಂಐಡಿಸಿಯಲ್ಲಿ ಟವೆಲ್ ನೇಯುವ ಒಂದು ಕಾರ್ಖಾನೆ ಇದೆ ಅಂತಿಟ್ಟುಕೊಳ್ಳೋಣ. ಊರಿನ ಹೆಸರು ಕೊಟ್ಟರೆ ಅಲ್ಲಿಗೆ ಮಾಲು ಕಳಿಸುವ ದರ ಡೇಟಾಬೇಸಿನಿಂದ ಬರುತ್ತದೆ. ಪ್ರತಿ ಸಲ ಅಲ್ಲಿಗೇ ಹೋದರೆ ತಡ. ಒಮ್ಮೆ ತಂದ ಉತ್ತರವನ್ನು ಸರ್ವರಿನ ಮೆಮರಿಯಲ್ಲೇ ಇಟ್ಟುಕೊಂಡರೆ ಅದು ಕ್ಯಾಶ್. ಆದರೆ ಸರ್ವರು ಮೂರಿದ್ದರೆ ಪ್ರತಿಯೂ ಮೂರು. ದರ ತಿದ್ದಿದಾಗ ಒಂದು ಹೊಸದನ್ನು ಹೇಳುತ್ತದೆ, ಉಳಿದೆರಡು ಹಳೆಯದನ್ನೇ ಹೇಳ್ತಾವೆ.

ಹೇಝಲ್‌ಕಾಸ್ಟ್‌ನಂಥ ಹಂಚಿಕೆಯ ಕ್ಯಾಶ್ ಮೂರೂ ಸರ್ವರುಗಳ ಮೆಮರಿಯನ್ನು ಒಂದೇ ಕಣಜದಂತೆ ಬಳಸುತ್ತದೆ. ನಾವು ಬೇರೆ ಸಂಖ್ಯೆ ಕೊಡದಿದ್ದರೆ ಮಾಹಿತಿಯನ್ನು 271 ಭಾಗ ಮಾಡಿ ಹಂಚುತ್ತದೆ. ಪ್ರತಿ ಭಾಗದ ಒಂದು ನಕಲು ಇನ್ನೊಂದು ಸರ್ವರಿನಲ್ಲಿರುತ್ತದೆ. ಹೀಗಾಗಿ ಒಂದು ಸರ್ವರು ನಿಂತರೂ ಮಾಹಿತಿ ಉಳಿಯುತ್ತದೆ.

ಜಾವಾದ ಸ್ಪ್ರಿಂಗ್ ಚೌಕಟ್ಟಿನಲ್ಲಿ ಕ್ಯಾಶ್ ಜೋಡಿಸುವ ಸೌಲಭ್ಯ 2011ರ 3.1 ಆವೃತ್ತಿಯಲ್ಲಿ ಬಂತು. ಸ್ಪ್ರಿಂಗ್ ಬೂಟ್ ಆದರೆ ಹೇಝಲ್‌ಕಾಸ್ಟ್ ಲೈಬ್ರರಿಯನ್ನೂ ಅದರ ಸಂರಚನಾ ಕಡತವನ್ನೂ ಸೇರಿಸಿ, 'ಎನೇಬಲ್ ಕ್ಯಾಶಿಂಗ್' ಎಂದು ಬರೆದರೆ ಜೋಡಣೆ ಆಯ್ತು. ದರ ಹುಡುಕುವ ಮೆಥಡ್ ಮೇಲೆ 'ಕ್ಯಾಶೆಬಲ್' ಎಂಬ ಗುರುತು, ದರ ತಿದ್ದುವ ಮೆಥಡ್ ಮೇಲೆ 'ಕ್ಯಾಶ್ ಇವಿಕ್ಟ್'. ಮೊದಲನೆಯದು ಉತ್ತರವನ್ನು ಕೂಡಿಡುತ್ತದೆ, ಎರಡನೆಯದು ಹಳೆಯದನ್ನು ತೆಗೆದುಹಾಕುತ್ತದೆ. ಈ ಗುರುತುಗಳು ಹೊರಗಿನಿಂದ ಬಂದ ಕರೆಗೆ ಮಾತ್ರ ಕೆಲಸ ಮಾಡ್ತಾವೆ. ಅದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನು ಕರೆದರೆ ಸಾಮಾನ್ಯವಾಗಿ ಕ್ಯಾಶ್ ನಡುವೆ ಬರುವುದಿಲ್ಲ. ಯಾರಾದರೂ ನೇರವಾಗಿ ಡೇಟಾಬೇಸಿನಲ್ಲೇ ದರ ತಿದ್ದಿದರೂ ಕ್ಯಾಶ್‌ಗೆ ಗೊತ್ತಾಗದು. ಅದಕ್ಕಾಗಿ ಕೂಡಿಟ್ಟ ಉತ್ತರಕ್ಕೆ ಆಯುಸ್ಸು ನಿಗದಿ ಮಾಡಬೇಕು.

ಇನ್ನು ನಮ್ಮ ಲಿಪಿಯ ಪ್ರಶ್ನೆ. ಕ್ಯಾಶ್ ಉತ್ತರವನ್ನು ಗುರುತಿಸುವುದು ಕೀಲಿಯಿಂದ. ಇಲ್ಲಿ ಕೀಲಿ ಊರಿನ ಹೆಸರು. 'ಸೊಲ್ಲಾಪುರ' ಅನ್ನೋದರ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕ್ಯಾಶ್‌ಗೆ ಎರಡು ಊರು. ಒಂದನ್ನು ತೆಗೆದರೂ ಇನ್ನೊಂದರಲ್ಲಿ ಹಳೆಯ ದರ ಕೂತಿರುತ್ತದೆ. ಕೀಲಿ ಮಾಡುವ ಮೊದಲೇ ಜಾವಾದ 'ನಾರ್ಮಲೈಸರ್'ನಿಂದ ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ತೊಡಕು ತಪ್ಪುತ್ತದೆ.

ದರದ ಜಾಗದಲ್ಲಿ ಸೊನ್ನಲಿಗೆಯ ಸಿದ್ಧರಾಮನ ವಚನವನ್ನು ಇಟ್ಟು ನೋಡಿರಿ. ಸಂಪಾದಕರು ಪಾಠ ತಿದ್ದಿದ ಮೇಲೂ ಒಬ್ಬ ಓದುಗನಿಗೆ ಹಳೆಯ ಪಾಠವೇ ಸಿಗುತ್ತಿದ್ದರೆ ಆ ಪರಿಷ್ಕರಣೆ ಅರ್ಧಕ್ಕೇ ನಿಂತಂತೆ. ಆದ್ದರಿಂದ ಡಿಜಿಟಲ್ ಪಠ್ಯಸಂಪಾದನೆಯಲ್ಲಿ ಕೀಲಿಯ ರೂಪವನ್ನೂ ಹಳೆಯ ಪ್ರತಿ ತೆಗೆಯುವ ನಿಯಮವನ್ನೂ ತೀರ್ಮಾನಿಸುವಾಗ ಕನ್ನಡ ಬಲ್ಲವರೂ ಜೊತೆಗೆ ಕೂರಬೇಕು ಎಂಬುದು ನನ್ನ ಅಭಿಪ್ರಾಯ.